ಅಕ್ಕನ ಕೋಣೆಯ ಸ್ವಿಚ್ಚು

ನೆಟ್ ಕಂಪನಿಯ ಹುಡುಗಿ ಫೋನಿನಲ್ಲಿ ನನ್ನನ್ನು ‘ಮೇಡಂ’ ಎಂದು ಕರೆದಷ್ಟು ಸಲ ನನ್ನ ಜನ್ಮದಲ್ಲಿ ಯಾರೂ ಕರೆದಿಲ್ಲ. ಮೇಡಂ, ನಿಮ್ಮ ದೂರು ಬರೆದುಕೊಂಡಿದ್ದೀವಿ. ಮೇಡಂ, ನಮ್ಮವರು ಮುಂದಿನ ವಾರ ಬಂದು ನೋಡ್ತಾರೆ. ಮೇಡಂ, ಅಲ್ಲಿವರೆಗೆ ವೈಫೈ ಬಾಕ್ಸಿನ ಹತ್ತಿರ ಕೂತು ಬಳಸಿ. ಹತ್ತಿರ ಕೂತರೆ ಬರುತ್ತದೆ ಅಂತ ನನಗೂ ಗೊತ್ತು ತಾಯಿ, ಒಲೆಯ ಹತ್ತಿರ ಕೂತರೆ ಬಿಸಿ ತಾಗುತ್ತದೆ ಅನ್ನುವುದಕ್ಕೆ ಒಂದು ಕಂಪನಿ ಬೇಕೇ? ಫೋನನ್ನು ಹೊಲಿಗೆ ಮೇಜಿನ ಮೇಲೆ ಕುಕ್ಕಿದೆ.

“ಏನಂತೆ?” ಎಂದ ಅಣ್ಣ, ಓದುತ್ತಿದ್ದ ಪೇಪರಿನಿಂದ ತಲೆ ಎತ್ತದೆ.

“ಮುಂದಿನ ವಾರವಂತೆ.”

“ನಾನು ಹೇಳಿರ್ಲಿಲ್ವಾ? ಸುಮ್ನೆ ಯಾಕೆ ತಲೆ ಕೆಡಿಸ್ಕೋತೀಯ. ಅವಳ ಕೋಣೇಲಿ ಮೆಸೇಜ್ ಬರುತ್ತಲ್ಲ, ಸಾಕಲ್ವಾ? ಪಾಪ, ಅವಳೇನು ಕೇಳಿದ್ದಾಳಾ ನಿನ್ನ?”

ಆ ‘ಪಾಪ’ ಅನ್ನುವ ಮಾತು ಕಿವಿಗೆ ಬಿದ್ದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಅಕ್ಕನಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸುವುದಿಲ್ಲ, ಅಷ್ಟೇ. ಉಳಿದಿದ್ದೆಲ್ಲ ನಮ್ಮೆಲ್ಲರಿಗಿಂತ ಒಂದು ಕೈ ಹೆಚ್ಚೇ ಇದೆ. ಕೈಯಲ್ಲೇ ಮಾತಾಡುತ್ತಾಳೆ, ಕೈಯಲ್ಲೇ ಬೈಯುತ್ತಾಳೆ, ಬೈದರೆ ನಾಲ್ಕು ದಿನ ಮರೆಯುವ ಹಾಗಿಲ್ಲ. ಆ ಕೈ ಮಾತು ಮನೆಯಲ್ಲಿ ನನ್ನೊಬ್ಬಳಿಗೇ ಪೂರ್ತಿ ಬರುವುದು, ಚಿಕ್ಕಂದಿನಿಂದ ಅವಳ ಬೆನ್ನಿಗೆ ಅಂಟಿಕೊಂಡೇ ಬೆಳೆದವಳು ನಾನು. ಅಣ್ಣ ಇಷ್ಟು ವರ್ಷದಲ್ಲಿ ಕಲಿತದ್ದು ಬಾ, ಹೋಗು, ಟೀ, ಎಲ್ಲಿ, ಇಷ್ಟೇ. ಅತ್ತಿಗೆಗೆ ಅದೂ ಇಲ್ಲ, ನಗುತ್ತಾರೆ. ನಕ್ಕರೆ ಮಾತಾಡಿದ ಹಾಗೆಯೇ ಅಂತ ಅವರ ಲೆಕ್ಕ.

ಅಕ್ಕ ನನ್ನನ್ನು ಕೇಳಿದ್ದಳು. ಕೇಳಿದ್ದಳು ಅಂದರೆ, ನನ್ನ ಹೊಲಿಗೆ ಮಿಶಿನ್ನಿನ ಮೇಲೆ ಅಂಗೈಯಿಟ್ಟು ಅದನ್ನು ನಿಲ್ಲಿಸಿ, ಮುಖ ನೋಡಿ, ನನ್ನ ಕೋಣೆಗೆ ನೆಟ್ ಬೇಕು ಎಂದು ಕೇಳಿದ್ದಳು. ನಾನು ಮನೆ ಬಾಗಿಲುಗಳಿಗೆ, ಕಿಟಕಿಗಳಿಗೆ ಪರದೆ ಹೊಲಿದು, ಹೋಗಿ ಗೋಡೆಗೆ ರಾಡು ಹೊಡೆದು ತೂಗುಹಾಕಿ ಬರುವವಳು. ಅಂಚು ಮಡಿಸಿ ಕೈಹೊಲಿಗೆ ಹಾಕುವ ಕೆಲಸ ಅಕ್ಕನದು. ಗಿರಾಕಿಗಳು ಆ ಅಂಚು ನೋಡಿ ನನ್ನನ್ನು ಹೊಗಳುತ್ತಾರೆ. ಬೇರೆಯವರ ಹೆಸರಿಗೆ ಹೋಗುವ ಹೊಲಿಗೆ ಹಾಕಿ ಹಾಕಿ ಅವಳಿಗೆ ಸಾಕಾಗಿತ್ತು. ಅಷ್ಟರಲ್ಲಿ ಅವಳು ಓದಿದ ಶಾಲೆಯ ಮೇಡಂ ಒಂದು ಕೆಲಸ ಹೇಳಿದರು. ಕಿವಿ ಕೇಳಿಸದ ಪುಟ್ಟ ಮಕ್ಕಳಿರುತ್ತಾರಲ್ಲ, ಅವರ ಅಪ್ಪ ಅಮ್ಮಂದಿರಿಗೆ ಕೈ ಮಾತು ಕಲಿಸಬೇಕು. ಮಧ್ಯಾಹ್ನದ ಹೊತ್ತು, ವಿಡಿಯೋದಲ್ಲಿ, ಮನೆಯಿಂದಲೇ. ಅಕ್ಕನ ಮುಖ ಆ ದಿನ ಹೇಗಿತ್ತೆಂದರೆ, ಅಂಚು ಹೊಲಿಯಲು ಕೊಟ್ಟ ಬಟ್ಟೆಯನ್ನು ನಾನೇ ವಾಪಸ್ ತೆಗೆದುಕೊಂಡೆ.

ಮೊದಲ ಪಾಠದ ದಿನ ನಾನೂ ಪಕ್ಕದಲ್ಲಿ ಕೂತಿದ್ದೆ. ಲ್ಯಾಪ್‌ಟಾಪಿನಲ್ಲಿ ಪುಟ್ಟ ಪುಟ್ಟ ಚೌಕಗಳಲ್ಲಿ ಜನ. ಒಬ್ಬ ತಾಯಿ ಮಡಿಲಲ್ಲಿ ಮಗುವನ್ನು ಕೂರಿಸಿಕೊಂಡು, ಬಾಯಿ ಸ್ವಲ್ಪ ತೆರೆದು, ಅಕ್ಕನ ಕೈಯನ್ನೇ ನೋಡುತ್ತಿದ್ದಳು. ಅಕ್ಕ ಕೈ ಎತ್ತಿದಳು. ಚಿತ್ರ ನಿಂತಿತು. ಮತ್ತೆ ಬಂತು, ಮತ್ತೆ ನಿಂತಿತು. ಬಾಯಿ ಮಾತಿನಲ್ಲಾದರೆ ಎರಡು ಶಬ್ದ ನುಂಗಿಹೋದರೂ ಊಹಿಸಿಕೊಳ್ಳಬಹುದು. ಕೈ ಅರ್ಧಕ್ಕೆ ನಿಂತರೆ ಅಲ್ಲಿ ಮಾತೇ ಇಲ್ಲ. ಕೊನೆಗೆ ಮೇಡಂ ಮೆಸೇಜ್ ಹಾಕಿದರು: ಈ ವಾರದ ಕೊನೆಗೆ ಇನ್ನೊಂದು ಪಾಠ ನೋಡೋಣ, ಆಗಲೂ ಹೀಗೇ ಆದರೆ ಬೇರೆಯವರಿಗೆ ಹೇಳಬೇಕಾಗುತ್ತದೆ, ತಪ್ಪು ತಿಳಿಯಬೇಡಿ. ತಪ್ಪು ತಿಳಿಯಲು ಅವರದೇನಿದೆ? ನನಗೆ ಮೈ ಉರಿದದ್ದು ನಮ್ಮ ಮನೆಯವರ ಮೇಲೆ.

ಯಾಕೆಂದರೆ ವೈಫೈ ಬಾಕ್ಸು ಇರುವುದು ಮುಂದಿನ ಕೋಣೆಯಲ್ಲಿ, ಅಣ್ಣನ ಶೋಕೇಸಿನೊಳಗೆ, ಗಾಜಿನ ಬಾಗಿಲ ಹಿಂದೆ, ಅವನಿಗೆ ವಿಮೆ ಕಂಪನಿ ಕೊಟ್ಟ ಫಲಕಗಳ ಪಕ್ಕದಲ್ಲಿ. ಅದೂ ಒಂದು ಬಹುಮಾನ ಎಂಬ ಹಾಗೆ. ಅಣ್ಣ ವಿಮೆ ಏಜೆಂಟು, ಮಧ್ಯಾಹ್ನವೆಲ್ಲ ಅವನ ಗಿರಾಕಿಗಳು ಅಲ್ಲೇ ಕೂತಿರುತ್ತಾರೆ. ಅಕ್ಕನ ಕೋಣೆ ಮನೆಯ ಕಟ್ಟಕಡೆಗೆ. ಹಿಂದೆ ಅದು ಉಗ್ರಾಣ. ದಪ್ಪ ಗೋಡೆ, ಅಂಗೈಯಗಲದ ಗವಾಕ್ಷಿ, ಹಗಲೂ ದೀಪ ಬೇಕು. ನಡುಮನೆಯಲ್ಲಿ ಕೂತು ಪಾಠ ಮಾಡು ಅಂದರು. ಅಭ್ಯಾಸಕ್ಕೆಂದು ಒಂದು ದಿನ ಕೂತು ನೋಡಿದಳು. ಅತ್ತಿಗೆ ಹಿಂದಿನಿಂದ ಒಗೆದ ಬಟ್ಟೆ ಹೊತ್ತು ಓಡಾಡಿದರು. ಅಣ್ಣನ ಗಿರಾಕಿಯೊಬ್ಬ ಬಾಗಿಲಲ್ಲಿ ನಿಂತು ಅವಳ ಕೈ ನೋಡಿ ನಕ್ಕ. ಅಕ್ಕ ಲ್ಯಾಪ್‌ಟಾಪ್ ಮುಚ್ಚಿ ನನ್ನ ಕಡೆ ತಿರುಗಿದಳು. ನಿಮಗೆಲ್ಲ ಬಾಗಿಲು ಹಾಕಿಕೊಂಡು ಮಾತಾಡೋಕೆ ಆಗುತ್ತೆ, ನನಗೆ ಬೇಡ್ವಾ, ಎಂದಳು ಕೈಯಲ್ಲಿ.

“ಕಂಪನಿಯವರು ಬರೋ ತನಕ ಕಾಯಲ್ಲ,” ಎಂದೆ ಅಣ್ಣನಿಗೆ. “ನಾನೇ ಹಾಕ್ತೀನಿ.”

“ನೀನು? ಪರದೆ ಹೊಲಿದ ಹಾಗಲ್ಲ ಕಣೇ ಅದು.”

“ಪರದೆ ಹೊಲಿದ ಹಾಗೇ ಹಾಕ್ತೀನಿ, ನೋಡ್ತಿರು.”

ಅಟ್ಟದ ಮೇಲೆ ಹಿಂದಿನ ಕಂಪನಿಯ ಹಳೇ ಬಾಕ್ಸೊಂದು ಬಿದ್ದಿತ್ತು. ಧೂಳು ಒರೆಸಿದೆ. ಅಂಗಡಿಗೆ ಹೋಗಿ ಉದ್ದದ ನೆಟ್ ಕೇಬಲ್ ಕೇಳಿದೆ. “ಯಾರು ಹಾಕೋದು, ಮನೆಯವ್ರಾ?” ಎಂದ ಅಂಗಡಿಯವನು. ನಾನೂ ಮನೆಯವಳೇ ಅಂದೆ. ಆಮೇಲೆ ವಿಡಿಯೋಗಳನ್ನು ಹಚ್ಚಿ ಕೂತೆ. ಒಬ್ಬೊಬ್ಬ ಒಂದೊಂದು ಹೇಳುತ್ತಾನೆ, ಹೇಳುವ ಮೊದಲು ತನ್ನ ಕಥೆಯನ್ನೆಲ್ಲ ಹೇಳುತ್ತಾನೆ. ಒಟ್ಟಿನಲ್ಲಿ ತಿಳಿದದ್ದು ಇಷ್ಟು. ಮುಂದಿನ ಬಾಕ್ಸಿನಿಂದ ಹಿಂದಿನ ಬಾಕ್ಸಿಗೆ ಕೇಬಲ್ ಎಳೆಯಬೇಕು. ಮನೆಯಲ್ಲಿರುವ ಫೋನು, ಲ್ಯಾಪ್‌ಟಾಪ್ ಪ್ರತಿಯೊಂದಕ್ಕೂ ಒಂದು ನಂಬರು ಹಂಚುವ ಕೆಲಸ ಬಾಕ್ಸಿನದು. ಎರಡೂ ಬಾಕ್ಸು ಹಂಚಲು ಹೊರಟರೆ, ಒಂದೇ ಮನೆಯಲ್ಲಿ ಇಬ್ಬರು ಯಜಮಾನರಿದ್ದ ಹಾಗೆ, ಯಾರ ಕೆಲಸವೂ ಆಗುವುದಿಲ್ಲ. ಹಿಂದಿನದರಲ್ಲಿ ಆ ಕೆಲಸ ನಿಲ್ಲಿಸಬೇಕು. ನಿಲ್ಲಿಸಿದೆ. ಮನುಷ್ಯರಲ್ಲೂ ಅಂಥದ್ದೊಂದು ಗುಂಡಿ ಇದ್ದಿದ್ದರೆ ಮೊದಲು ಯಾರದನ್ನು ಒತ್ತುತ್ತಿದ್ದೆ ಅಂತ ಬೇರೆ ಹೇಳಬೇಕಿಲ್ಲ.

ಕೇಬಲ್ ನೆಲದ ಮೇಲೆ ಹೋದರೆ ಅತ್ತಿಗೆ ಎಡವುತ್ತಾರೆ, ಗೋಡೆಗೆ ಮೊಳೆ ಹೊಡೆದರೆ ಅಣ್ಣ ಎಡವುತ್ತಾನೆ. ನಮ್ಮ ಮನೆಯಲ್ಲಿ ಮುಂದಿನಿಂದ ಹಿಂದಿನವರೆಗೆ ಬಾಗಿಲು, ಕಿಟಕಿ, ಬಾಗಿಲು, ಎಲ್ಲಕ್ಕೂ ನಾನೇ ಹಾಕಿದ ಪರದೆಯ ರಾಡುಗಳಿವೆ. ಎಲ್ಲ ಒಳಗೆ ಟೊಳ್ಳು. ತುದಿಯ ಮುಚ್ಚಳ ಬಿಚ್ಚಿ, ಕೇಬಲ್ಲಿನ ಮೂತಿಗೆ ದಾರ ಕಟ್ಟಿ, ಪೈಜಾಮಕ್ಕೆ ಲಾಡಿ ಪೋಣಿಸುವ ಹಾಗೆ ಒಂದು ರಾಡಿನಿಂದ ಇನ್ನೊಂದಕ್ಕೆ ಪೋಣಿಸಿಕೊಂಡು ಹೋದೆ. ಅಕ್ಕ ಕುರ್ಚಿ ಹಿಡಿದಳು. ಕೊನೆಯಲ್ಲಿ ಅವಳ ಬಾಗಿಲ ಮೇಲೆ ತೂತು ಕೊರೆಯಲು ಬ್ಯಾಟರಿ ಡ್ರಿಲ್ ಎತ್ತಿದಾಗ ಅಣ್ಣ ಓಡಿ ಬಂದ.

“ಗೋಡೆಗೆ ತೂತು ಹಾಕ್ತೀಯಾ?”

“ಊರವರ ಗೋಡೆಗೆಲ್ಲ ಹಾಕಿದ್ದೀನಿ. ನಮ್ಮನೆ ಗೋಡೆ ಏನು ಬೆಣ್ಣೇದಾ?”

“ನನ್ನ ಬಾಕ್ಸಿಗೆ ಏನಾದ್ರೂ ಆದ್ರೆ ನೋಡು.”

“ಅದಕ್ಕೂ ಒಂದು ವಿಮೆ ಮಾಡಿಸು,” ಎಂದು ಕೊರೆದೇಬಿಟ್ಟೆ.

ಉಗ್ರಾಣವಾಗಿದ್ದ ಕೋಣೆಯಲ್ಲಿ ಪ್ಲಗ್ ಎಲ್ಲಿಂದ ಬರಬೇಕು? ಫೋನು, ಲ್ಯಾಪ್‌ಟಾಪ್ ಚಾರ್ಜಿಗೆ ಅಕ್ಕ ನಡುಮನೆಗೇ ಬರುತ್ತಾಳೆ. ಇರುವುದು ಒಂದು ಬಲ್ಬು, ಅದರ ಸ್ವಿಚ್ಚೂ ಕೋಣೆಯ ಹೊರಗೆ, ಬಾಗಿಲ ಪಕ್ಕದ ಗೋಡೆಯಲ್ಲಿ. ಅದಕ್ಕೂ ಉಪಾಯ ಮಾಡಿದೆ. ಬಲ್ಬಿನ ಹೋಲ್ಡರಿಗೆ ಸಿಕ್ಕಿಸುವಂಥದ್ದೊಂದು ಸಿಗುತ್ತದೆ, ಕೆಳಗೆ ಬಲ್ಬಿಗೂ ಪಕ್ಕದಲ್ಲಿ ಪ್ಲಗ್ಗಿಗೂ ಜಾಗ ಇರುತ್ತದೆ. ಅದನ್ನು ಹಾಕಿ, ಬಾಕ್ಸನ್ನು ಅಲ್ಲೇ ಮೇಲಿನ ಹಲಗೆಯ ಮೇಲಿಟ್ಟೆ. ಹೇಗೂ ಹಗಲೆಲ್ಲ ದೀಪ ಉರಿಯುತ್ತದೆ, ಬಾಕ್ಸೂ ಉರಿಯುತ್ತದೆ. ಮಲಗುವಾಗ ಅಕ್ಕ ಹೊರಗೆ ಬಂದು ಸ್ವಿಚ್ ಆರಿಸಿ ಕತ್ತಲಲ್ಲಿ ತಡಕಾಡಿಕೊಂಡು ಹಾಸಿಗೆಗೆ ಹೋಗುತ್ತಾಳಲ್ಲ, ಆಗ ಬಾಕ್ಸೂ ಮಲಗುತ್ತದೆ. ನನ್ನ ತಲೆಯನ್ನು ನಾನೇ ಮೆಚ್ಚಿಕೊಂಡೆ.

ಬಾಕ್ಸಿನ ದೀಪ ಮೊದಲು ಕೆಂಪು, ಆಮೇಲೆ ಮಿಣುಕು, ಆಮೇಲೆ ಹಸಿರು. ಹೊಸ ವೈಫೈಗೆ ‘ಹಿಂದಿನ ಕೋಣೆ’ ಅಂತ ಹೆಸರಿಟ್ಟೆ. ನನ್ನ ಫೋನಿನಲ್ಲಿ ತುಂಬು ಸಿಗ್ನಲ್. ಅಕ್ಕ ಬಾಗಿಲು ಹಾಕಿಕೊಂಡು ಲ್ಯಾಪ್‌ಟಾಪ್ ತೆರೆದಳು. ನಾನು ನಡುಮನೆಯಲ್ಲಿ ಒಂದು ಲೋಟ ನೀರು ಕುಡಿದು, ಹೇಗೆ ಬರ್ತಿದೆ ಅಂತ ಕೇಳೋಣವೆಂದು ಅವಳನ್ನು ಕರೆದೆ. ಹೊರಗೆ ಬಂದವಳು ತಲೆ ಅಲ್ಲಾಡಿಸಿದಳು. ಹೋಯಿತು.

ಹೋಗುವುದಕ್ಕೆ ಅದಕ್ಕೇನು ಬಂದಿದೆ ರೋಗ? ಒಳಗೆ ಹೋದೆ, ಕೆಂಪು. ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದೆ. ಮಿಣುಕಿತು, ಹಸಿರಾಯಿತು. ಹೊರಗೆ ಬಂದೆ, ಕಾದೆ, ಮತ್ತೆ ಅವಳನ್ನು ಕರೆದು ಕೇಳಿದೆ. ಮತ್ತೆ ಹೋಗಿದೆ. ಸೆಟ್ಟಿಂಗೆಲ್ಲ ಅಳಿಸಿ ಹೊಸದಾಗಿ ಮಾಡಿದೆ. ಚೆನ್ನಾಗಿ ಬಂತು, ಅಕ್ಕ ಒಳಗೆ ತನ್ನ ಗೆಳತಿಯ ಜೊತೆ ಮಾತಿಗೆ ಕೂತಳು. ಅತ್ತಿಗೆ ಬಂದು ಅವಳನ್ನು ಕರೆದು ಈರುಳ್ಳಿ ಹೆಚ್ಚಲು ಹೇಳಿದರು. ಅಕ್ಕ ಹೊರಗೆ ಬಂದು ನನ್ನ ಕಡೆ ನೋಡಿ, ಮತ್ತೆ ಹೋಯ್ತು, ಎಂದಳು. ನಾನು ಬಾಕ್ಸಿಗೆ ಬೈದ ಬೈಗುಳವನ್ನು ಇಲ್ಲಿ ಬರೆಯುವ ಹಾಗಿಲ್ಲ. ಅಕ್ಕನಿಗೆ ಕೇಳಿಸದಿದ್ದದ್ದು ಒಳ್ಳೆಯದೇ ಆಯಿತು, ಆದರೂ ನನ್ನ ತುಟಿ ನೋಡಿ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ನಗು ನಿಂತಿತು. ಪಾಠ ನಾಳೆ.

ಆಗ ನನಗೆ ಹೊಳೆದದ್ದು ಅಣ್ಣ. ಬೇಕೆಂದೇ ಶೋಕೇಸಿನಲ್ಲಿ ಕೈಯಾಡಿಸುತ್ತಿದ್ದಾನೆ. ನೇರ ಹೋಗಿ ಅವನೆದುರು ನಿಂತೆ.

“ನೀನೇ ಆರಿಸ್ತಿದ್ದೀಯ ಅಲ್ವಾ?”

“ಏನನ್ನ?”

“ಬಾಕ್ಸನ್ನ. ಅವಳು ಉದ್ಧಾರ ಆದ್ರೆ ನಿನಗೆ ಟೀ ಮಾಡೋರು ಯಾರು ಅಂತ ಹೊಟ್ಟೆ ಉರಿ.”

ಅಣ್ಣನ ಮುಖ ಕೆಂಪಾಯಿತು. “ನಾನು ಅದನ್ನ ಮುಟ್ಟೇ ಇಲ್ಲ. ನಿನಗೆ ಕೈಲಾಗ್ಲಿಲ್ಲ ಅಂತ ನನ್ನ ಮೇಲೆ ಯಾಕೆ ಹಾಕ್ತೀಯ? ಗೋಡೆ ದಪ್ಪ ಅಂತ ಬಡ್ಕೊಂಡೆ.”

“ಗೋಡೆಗಿಂತ ನೀನು ದಪ್ಪ.”

ಅತ್ತಿಗೆ ಸೌಟು ಹಿಡಿದೇ ಬಂದು ನಡುವೆ ನಿಂತರು. ಎಲ್ಲರೂ ಒಟ್ಟಿಗೆ ಮಾತಾಡಿದೆವು, ಯಾರೂ ಕೇಳಿಸಿಕೊಳ್ಳಲಿಲ್ಲ. ಅಕ್ಕ ಬಾಗಿಲಲ್ಲಿ ನಿಂತು ನಮ್ಮ ಬಾಯಿಗಳನ್ನು ನೋಡುತ್ತಿದ್ದಳು. ಕಿವಿಯಿದ್ದವರ ಮನೆ ಅಂದರೆ ಇದು.

ಮಾರನೆಯ ದಿನ ಬೆಳಗಿನಿಂದ ನೆಟ್ ಒಮ್ಮೆಯೂ ಹೋಗಲಿಲ್ಲ. ಅಣ್ಣ ಹೊರಗೆ ಹೋಗಿದ್ದ, ಅತ್ತಿಗೆ ನಿನ್ನೆಯ ಸಿಟ್ಟಿಗೆ ನಮ್ಮಿಬ್ಬರನ್ನೂ ಮಾತಾಡಿಸುತ್ತಿರಲಿಲ್ಲ. ನೋಡಿದೆಯಾ, ಅವನು ಮನೆಯಲ್ಲಿಲ್ಲ, ನೆಟ್ ಸರಿಯಿದೆ, ಎಂದು ನನ್ನ ಅನುಮಾನ ಗಟ್ಟಿಯಾಯಿತು. ಮಧ್ಯಾಹ್ನ ಅವನು ಬಂದ ಕೂಡಲೇ ಅವನಿಗೂ ಅತ್ತಿಗೆಗೂ ಕಟ್ಟುನಿಟ್ಟಾಗಿ ಹೇಳಿದೆ. “ಪಾಠ ಮುಗಿಯೋ ತನಕ ಅಕ್ಕನ ಬಾಗಿಲು ಯಾರೂ ತೆಗೀಬಾರ್ದು. ಶೋಕೇಸ್ ಕಡೆ ಯಾರೂ ಹೋಗ್ಬಾರ್ದು.”

ಅಕ್ಕ ತಲೆ ಬಾಚಿ, ಕೈ ಎದ್ದು ಕಾಣಲಿ ಎಂದು ಕಪ್ಪು ಅಂಗಿ ಹಾಕಿಕೊಂಡು ಒಳಗೆ ಹೋದಳು. ನಾನು ಫೋನಿನಲ್ಲಿ ‘ಹಿಂದಿನ ಕೋಣೆ’ ಅನ್ನುವ ಹೆಸರನ್ನು ತೆರೆದಿಟ್ಟುಕೊಂಡು, ಶೋಕೇಸು ಕಾಣುವ ಜಾಗದಲ್ಲಿ ಕುರ್ಚಿ ಹಾಕಿ ಕೂತೆ. ಒಂದು ಕಣ್ಣು ಫೋನಿನ ಮೇಲೆ, ಒಂದು ಕಣ್ಣು ಅಣ್ಣನ ಮೇಲೆ. ಪಾಠ ಶುರುವಾಗಿ ಹೊತ್ತಾಯಿತು. ಹೆಸರು ಅಲುಗಲಿಲ್ಲ. ಒಳಗೆ ಅಕ್ಕನ ಬಳೆಯ ಸದ್ದು ಸಣ್ಣಗೆ ಕೇಳುತ್ತಿತ್ತು, ಅವಳು ಹುರುಪಿನಲ್ಲಿ ಮಾತಾಡುವಾಗ ಬರುವ ಸದ್ದು. ನನಗೆ ಅಷ್ಟು ಸಂತೋಷವಾಗಿ ಎಷ್ಟು ಕಾಲವಾಗಿತ್ತೋ.

ಅಣ್ಣನ ಗಿರಾಕಿಯೊಬ್ಬರು ಬಂದು ಕೂತರು. ಅತ್ತಿಗೆ ಅಂಗಡಿಗೆ ಹೋಗಿದ್ದರು. ಅಣ್ಣ ಎದ್ದ. ಶೋಕೇಸಿನ ಕಡೆ ಹೋದನೋ ಎಂದು ನಾನೂ ಎದ್ದೆ. ಅವನು ನನ್ನ ಮುಂದೆಯೇ ಹಾದು, ನಡುಮನೆ ದಾಟಿ, ಅಕ್ಕನ ಬಾಗಿಲ ಹತ್ತಿರ ಹೋಗಿ, ಪಕ್ಕದ ಸ್ವಿಚ್ಚನ್ನು ಟಕಟಕ ಎಂದು ಎರಡು ಸಲ ಆರಿಸಿ ಹಾಕಿದ.

ನನ್ನ ಕೈಯಲ್ಲಿದ್ದ ಫೋನಿನಿಂದ ‘ಹಿಂದಿನ ಕೋಣೆ’ ಮಾಯವಾಯಿತು.

ಏನು ಹೇಳಲಿ. ಅಕ್ಕನನ್ನು ನಾವು ಕರೆಯುವುದೇ ಹಾಗೆ. ಕೂಗಿದರೆ ಕೇಳಿಸದು, ಬಾಗಿಲು ತಟ್ಟಿದರೆ ಕೇಳಿಸದು. ಅವಳಿಗೆ ಆ ಕೋಣೆ ಕೊಟ್ಟಾಗಿನಿಂದ ಹೊರಗಿನ ಸ್ವಿಚ್ಚನ್ನು ಟಕಟಕ ಮಾಡುತ್ತೇವೆ, ಒಳಗೆ ದೀಪ ಮಿಟುಕುತ್ತದೆ, ಅವಳು ಎದ್ದು ಬರುತ್ತಾಳೆ. ಮಿಟುಕುವ ಬಗೆ ನೋಡಿಯೇ ಯಾರು ಕರೆದರೆಂದು ಹೇಳುತ್ತಾಳೆ, ಅಣ್ಣನದು ಅವಸರ, ಅತ್ತಿಗೆಯದು ನಿಧಾನ, ನನ್ನದು ಮೂರು ಸಲ. ನಿನ್ನೆ ಇಡೀ ದಿನ, ನೆಟ್ ಬಂತಾ ಅಂತ ಕೇಳಲು, ನಾನೇ ಮತ್ತೆ ಮತ್ತೆ ಅದನ್ನು ಕೊಂದಿದ್ದೆ. ದೀಪದ ಜೊತೆ ಬಾಕ್ಸು ಆರುತ್ತದೆ ಅಂತ ನನಗೆ ಗೊತ್ತಿಲ್ಲದೆ ಏನಲ್ಲ. ಗೊತ್ತಿದ್ದೂ ಹೊಳೆಯಲಿಲ್ಲ, ಯಾಕೆಂದರೆ ನಮ್ಮ ಮನೆಯಲ್ಲಿ ಅದು ಸ್ವಿಚ್ಚೇ ಅಲ್ಲ. ಅದು ಅಕ್ಕನ ಹೆಸರು.

ಬಾಗಿಲು ತೆರೆಯಿತು. ಅಕ್ಕನ ಕೈಗಳು ಇನ್ನೂ ಎದೆಯ ಮಟ್ಟದಲ್ಲೇ ಇದ್ದವು, ಹೇಳುತ್ತಿದ್ದ ಮಾತು ಅರ್ಧಕ್ಕೆ ನಿಂತು. ಅಣ್ಣ ಅವಳಿಗೆ ಟೀ ಎಂದು ಸನ್ನೆ ಮಾಡಿದ.

“ಏನು ಮಾಡಿದೆ ನೀನು?” ಎಂದೆ.

“ಬಾಗಿಲು ತೆಗೀಬೇಡ ಅಂದೆ, ತೆಗೆದಿಲ್ವಲ್ಲ,” ಎಂದ ಅವನು.

ನಾನು ಅಕ್ಕನಿಗೆ ಕೈಯಲ್ಲಿ ಹೇಳಿದೆ. ದೀಪ. ಬಾಕ್ಸು. ನಿನ್ನೆಯಿಂದ ಕೆಡಿಸಿದ್ದು ನಾವೇ. ಅವಳು ಮೇಲೆ ಹಲಗೆಯತ್ತ ನೋಡಿದಳು, ಬಲ್ಬು ನೋಡಿದಳು, ಸ್ವಿಚ್ಚು ನೋಡಿದಳು. ನನಗಿಂತ ಬೇಗ ಅವಳಿಗೆ ಅರ್ಥವಾಯಿತು. ಆಮೇಲೆ ಅಣ್ಣನ ಕಡೆ ತಿರುಗಿ ಮಾತಾಡಲು ಶುರು ಮಾಡಿದಳು. ಅಷ್ಟು ದೊಡ್ಡದಾಗಿ ಅವಳು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಗಿರಾಕಿ ಎದ್ದು ಬಂದು ನೋಡುತ್ತಿದ್ದರು, ಅವಳು ಲೆಕ್ಕಿಸಲಿಲ್ಲ.

“ಏನಂತೆ?” ಎಂದ ಅಣ್ಣ ನನಗೆ.

“ಹೇಳ್ತೀನಿ ಕೇಳು. ಕತ್ತಲಲ್ಲಿ ನನ್ನ ಕೈ ಯಾರಿಗೂ ಕಾಣಲ್ಲ, ಅಂತಿದ್ದಾಳೆ. ದೀಪ ಆರಿಸಿದ್ರೆ ನನ್ನ ಬಾಯಿ ಮುಚ್ಚಿದ ಹಾಗೆ. ನಿನಗೆ ಟೀ ಬೇಕು ಅಂತ ನನ್ನ ಬಾಯಿ ಮುಚ್ತೀಯ. ನಿನ್ನ ಹೆಂಡ್ತಿ ಈರುಳ್ಳಿ ಹೆಚ್ಚಿಸ್ಬೇಕು ಅಂತ ಮುಚ್ತಾಳೆ. ನಾನು ಯಾರ ಜೊತೆ ಮಾತಾಡ್ತಿದ್ದೆ, ಏನು ಹೇಳ್ತಿದ್ದೆ ಅಂತ ನೀವು ಒಂದು ದಿನ ಕೇಳಿದ್ದೀರಾ, ಅಂತಿದ್ದಾಳೆ.”

ಅಕ್ಕ ನಿಲ್ಲಿಸಲಿಲ್ಲ. ನನ್ನ ಕಡೆ ಬೆರಳು ತೋರಿಸಿ ಇನ್ನೊಂದು ಮಾತು ಹೇಳಿದಳು. ಅದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ನೀನೂ, ಎಂದಿದ್ದಳು. ಭಾಷೆ ಬಂದೂ ನೀನೂ.

ನನಗೆ ನಾಚಿಕೆಯಾಯಿತು. ನಾಚಿಕೆಯಾದರೆ ನನಗೆ ಸಿಟ್ಟು ಇನ್ನೂ ಹೆಚ್ಚು ಬರುತ್ತದೆ. ಅಕ್ಕ ನನ್ನ ತೋಳು ಹಿಡಿದು ಗೋಡೆಗೆ ಸರಿಸಿ ನಿಲ್ಲಿಸಿದಳು, ಬೆನ್ನು ಸರಿಯಾಗಿ ಸ್ವಿಚ್ಚಿನ ಮೇಲೆ ಬರುವ ಹಾಗೆ, ಹಲಗೆಯೊಂದನ್ನು ಜೋಡಿಸಿದಷ್ಟು ಜಾಗ್ರತೆಯಿಂದ. ಇಲ್ಲೇ ನಿಲ್ಲು, ಎಂದು ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾನು ನಿಂತೆ. ಕೈ ಕಟ್ಟಿಕೊಂಡು ನಿಂತೆ. ಫೋನಿನಲ್ಲಿ ಏನೂ ಇಲ್ಲ. ಬಾಕ್ಸು ಕೆಂಪಿನಿಂದ ಹಸಿರಿಗೆ ಬರಲು ಹೊತ್ತು ಬೇಕು, ಅಷ್ಟು ಹೊತ್ತು ಆ ತಾಯಿ ಮಡಿಲಲ್ಲಿ ಮಗುವನ್ನಿಟ್ಟುಕೊಂಡು ಕಾಯುತ್ತಾಳೆಯೇ, ಮೇಡಂ ಕಾಯುತ್ತಾರೆಯೇ?

“ಟೀ ಯಾರು ಮಾಡ್ತಾರೆ ಈಗ?” ಎಂದ ಅಣ್ಣ. ಗಿರಾಕಿಯ ಮುಂದೆ ಅವನ ಮರ್ಯಾದೆ ಹೋಗಿತ್ತು.

“ನಿನಗೆ ಕೈ ಇಲ್ವಾ? ಅವಳ ಕೈ ಕೆಲಸದಲ್ಲಿದೆ.”

“ಸರಿ ಆಚೆ. ನಾನು ಅವಳ ಹತ್ರ ಮಾತಾಡ್ಬೇಕು.”

“ಯಾವ ಭಾಷೇಲಿ ಮಾತಾಡ್ತೀಯ?”

ಗಿರಾಕಿ ಮೆಲ್ಲಗೆ, “ಪರವಾಗಿಲ್ಲ, ಇನ್ನೊಂದು ದಿನ ಬರ್ತೀನಿ,” ಎಂದು ಚಪ್ಪಲಿ ಮೆಟ್ಟಿಕೊಂಡರು. ಅಷ್ಟರಲ್ಲಿ ನನ್ನ ಫೋನಿನಲ್ಲಿ ‘ಹಿಂದಿನ ಕೋಣೆ’ ಮತ್ತೆ ಕಾಣಿಸಿತು. ಬಾಗಿಲ ಕಡೆ ಕಿವಿಗೊಟ್ಟೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಬಳೆಯ ಸದ್ದು ಬಂತು.

ಪಾಠ ಮುಗಿದು ಅವಳು ಹೊರಗೆ ಬರುವವರೆಗೆ ನಾನು ಆ ಗೋಡೆ ಬಿಟ್ಟು ಕದಲಲಿಲ್ಲ. ಸ್ವಿಚ್ಚು ಬೆನ್ನಿಗೆ ಒತ್ತಿ ನೋಯುತ್ತಿತ್ತು, ನೋಯಲಿ ಅಂದುಕೊಂಡೆ. ಅಕ್ಕ ಬಂದು ಮೇಡಂ ಹಾಕಿದ ಮೆಸೇಜನ್ನು ನನ್ನ ಮೂಗಿಗೆ ಹಿಡಿದಳು. ನಡುವೆ ಕತ್ತಲಾದಾಗ ಯಾರೂ ಎದ್ದು ಹೋಗಲಿಲ್ಲ, ನಿಮಗಾಗಿ ಕಾದರು. ಪಾಠ ನಿಮ್ಮದೇ. ಆ ದೀಪದ ವಿಷಯ ಮಾತ್ರ ನೋಡಿಕೊಳ್ಳಿ.

ನಾನು ಅವಳನ್ನು ತಬ್ಬಿಕೊಳ್ಳಲು ಹೋದೆ. ಅವಳು ನನ್ನನ್ನು ದಾಟಿ, ನನ್ನ ರಾಡು ಹೊಡೆಯುವ ಚೀಲದಿಂದ ಸ್ಕ್ರೂಡ್ರೈವರ್ ತೆಗೆದುಕೊಂಡಳು. ಮೇನ್ ಆರಿಸು, ಎಂದಳು. ಆರಿಸಿದೆ. ಸ್ವಿಚ್ಚಿನ ಹಿಂದೆ ಒಳಗಿನವರೆಗೂ ತೂತು ಕೊರಿ, ಎಂದಳು. ಕೊರೆದೆ. ವೈರು ಒಳಕ್ಕೆಳೆದು, ಸ್ವಿಚ್ಚನ್ನು ಕೋಣೆಯ ಒಳಗೆ, ಅವಳ ಹಾಸಿಗೆಯ ಪಕ್ಕಕ್ಕೆ ಕೂರಿಸಿದೆವು. ಪ್ರತಿ ಸ್ಕ್ರೂವನ್ನೂ ಅವಳೇ ತಿರುಗಿಸಿದಳು. ಬಾಕ್ಸಿಗೆ ದೀಪದ ಹಂಗಿಲ್ಲದ ಪ್ಲಗ್ಗೊಂದನ್ನೂ ಅಲ್ಲೇ ಹಾಕಿದೆ. ಹೊರಗಿನ ಹಳೆಯ ಜಾಗಕ್ಕೆ ಸಿಮೆಂಟು ಮೆತ್ತಿದೆ. ಅಣ್ಣ ದೂರದಲ್ಲಿ ನಿಂತು ನೋಡುತ್ತಿದ್ದ.

“ಇನ್ನು ಅವಳನ್ನ ಕರೆಯೋದು ಹೇಗೆ?”

“ಒಳಗೆ ಹೋಗು. ಎದುರಿಗೆ ನಿಲ್ಲು. ಅವಳು ನೋಡೋ ತನಕ ಕಾಯಿ.”

“ಅಷ್ಟು ಹೊತ್ತು ಯಾರು ಕಾಯ್ತಾರೆ?”

“ಅವಳು ಇಷ್ಟು ವರ್ಷ ಕಾದಿದ್ದಾಳೆ,” ಎಂದೆ. ಅವನು ಪೇಪರು ಹುಡುಕಿಕೊಂಡು ಹೋದ.

ಮುಂದಿನ ವಾರ ಒಂದು ಮಧ್ಯಾಹ್ನ ದೊಡ್ಡ ಕಿಟಕಿಯ ಪರದೆ ಕತ್ತರಿಸುತ್ತಿದ್ದೆ. ನೆರಿಗೆ ಎಷ್ಟು ಅಗಲ ಬಿಡಬೇಕೆಂದು ಅಕ್ಕನನ್ನು ಕೇಳಬೇಕಿತ್ತು. ಬಟ್ಟೆ ಹೆಗಲ ಮೇಲೆ ಹಾಕಿಕೊಂಡು ಹೋದೆ. ನನ್ನ ಕೈ ತಾನಾಗಿಯೇ ಗೋಡೆಗೆ ಹೋಯಿತು, ಒರಟು ಸಿಮೆಂಟು ತಾಗಿತು. ಥೂ ಎಂದು ಬಾಗಿಲು ತಳ್ಳಿದೆ. ಅಕ್ಕ ಬೆನ್ನು ಹಾಕಿ ಕೂತಿದ್ದಳು. ಲ್ಯಾಪ್‌ಟಾಪಿನಲ್ಲಿ ಅದೇ ತಾಯಿ, ಮಡಿಲ ಮಗುವಿನ ಕೈಯನ್ನು ತನ್ನ ಕೈಯೊಳಗೆ ಹಿಡಿದು ಅಕ್ಕ ಮಾಡಿದ ಹಾಗೆ ಮಾಡಿಸುತ್ತಿದ್ದಳು. ತನ್ನ ಹಿಂದೆ ಬಾಗಿಲು ತೆರೆದದ್ದು ಸ್ಕ್ರೀನಿನಲ್ಲಿ ಅಕ್ಕನಿಗೆ ಕಂಡಿರಬೇಕು. ತಿರುಗಲಿಲ್ಲ. ಬಲಗೈಯಲ್ಲಿ ಪಾಠ ನಡೆಸುತ್ತಲೇ ಎಡ ಅಂಗೈಯನ್ನು ನನ್ನ ಕಡೆ ಎತ್ತಿ ಹಿಡಿದಳು. ಇರು.

ನನಗೆ ರೇಗಿತು. ಒಂದೇ ಒಂದು ಮಾತು ಕೇಳಬೇಕಿತ್ತು, ಅರೆಗಳಿಗೆಯ ಕೆಲಸ. ಹಿಂದಿನಿಂದ ಹೆಜ್ಜೆ ಸದ್ದಾಯಿತು. ಖಾಲಿ ಲೋಟ ಹಿಡಿದು ಅಣ್ಣ ಬಂದು ನಿಂತಿದ್ದ.

“ಏನಂತೆ?” ಎಂದ.

“ಕಾಯ್ಬೇಕಂತೆ,” ಎಂದೆ. ಇಬ್ಬರೂ ಬಾಗಿಲಲ್ಲೇ ನಿಂತೆವು.